ಕೂಲರ್ ಸದ್ದಿನಲ್ಲಿ ಕೇಳದೇ ಹೋದ ಇಲಿಗಳು: ಕಲಬುರಗಿಯ ಒಂದು ಮನೆಯ ಪ್ರಕರಣ

ಈ ಮನೆ ಕಲಬುರಗಿಯ ಹಳೆಯ ಬಡಾವಣೆಯೊಂದರಲ್ಲಿದೆ. ಮನೆಯವರ ಹೆಸರು, ಓಣಿಯ ಹೆಸರು ಬರೆಯುವುದಿಲ್ಲ. ಗುರುತು ಸಿಗಬಹುದಾದ ಒಂದೆರಡು ಸಣ್ಣ ವಿವರ ಕೈಬಿಟ್ಟಿದ್ದೇನೆ. ಕಾಳುಕಡಿ ಕೆಡದಂತೆ ಮನೆಯಲ್ಲಿ ಹೇಗೆ ಇಡಬೇಕು ಎಂದು ಹೇಳಿಕೊಡುವುದು ನನ್ನ ಕೆಲಸದ ಒಂದು ಭಾಗ. ಆ ಕೆಲಸದಲ್ಲೇ ಈ ಮನೆಯವರ ಪರಿಚಯವಾಯಿತು. "ನಮ್ಮ ಹೆಸರು ಬ್ಯಾಡ್ರಿ, ಆದ್ರ ಬರೀರಿ, ನಾಲ್ಕು ಮಂದಿಗಿ ಗೊತ್ತಾಗ್ಲಿ" ಎಂದು ಅವರೇ ಹೇಳಿದ್ದಕ್ಕೆ ಬರೆಯುತ್ತಿದ್ದೇನೆ.

ಮನೆ ಮತ್ತು ಮಂದಿ

ಮನೆಯ ಹಿಂದಿನ ಅರ್ಧ ಹಳೆಯದು. ಕಲ್ಲಿನ ಗೋಡೆ, ಕಟ್ಟಿಗೆಯ ತೊಲೆ, ಅದರ ಮೇಲೆ ಶಹಾಬಾದ್ ಕಲ್ಲಿನ ಹಾಸು. ಮುಂದಿನ ಅರ್ಧ ಆಮೇಲೆ ಕಟ್ಟಿದ ಆರ್‌ಸಿಸಿ. ಹಾಲ್‌ಗೆ ಪಿಒಪಿ ಸೀಲಿಂಗ್ (ಛಾವಣಿಯ ಕೆಳಗೆ ಪೊಳ್ಳು ಬಿಟ್ಟು ಕಟ್ಟುವ ಇನ್ನೊಂದು ಸೀಲಿಂಗ್) ಮಾಡಿಸಿದ್ದಾರೆ. ಮೇಲೆ ಒಂದು ಕೋಣೆ ಇದೆ, ಅಲ್ಲಿ ಕಾಲೇಜು ಹುಡುಗರು ಬಾಡಿಗೆಗಿದ್ದಾರೆ. ಹಿತ್ತಲಲ್ಲಿ ದೊಡ್ಡ ಬೇವಿನ ಮರ. ಪಕ್ಕದಲ್ಲಿ ಖಾಲಿ ಸೈಟು, ಅದರ ತುಂಬ ಕಸ.

ಮನೆಯಲ್ಲಿ ಅತ್ತೆ, ಇಬ್ಬರು ಗಂಡು ಮಕ್ಕಳು, ಇಬ್ಬರು ಸೊಸೆಯಂದಿರು ಮತ್ತು ಅಂಬೆಗಾಲು ದಾಟಿ ಈಗಷ್ಟೇ ಓಡಾಡುವ ಒಂದು ಕೂಸು. ಆಳಂದ ಕಡೆ ಹೊಲ ಇದೆ. ಜನವರಿಯಲ್ಲಿ ತೊಗರಿ ರಾಶಿ, ಮಾರ್ಚ್ ಹೊತ್ತಿಗೆ ಬಿಳಿ ಜೋಳ. ಗುಲ್ಬರ್ಗ ತೊಗರಿ ಬೇಳೆಗೆ 2019ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಇಲ್ಲಿ ಹೊಲ ಇದ್ದವರ ಮನೆಯಲ್ಲಿ ಒಂದಿಷ್ಟು ತೊಗರಿ ಚೀಲ ಇದ್ದೇ ಇರುತ್ತವೆ, ಅದು ಹೊಸದೇನಲ್ಲ. ಆದರೆ ಆ ವರ್ಷ ಗಂಜ್‌ನಲ್ಲಿ, ಅಂದರೆ ಕಾಳಿನ ಸಗಟು ಮಾರುಕಟ್ಟೆಯಲ್ಲಿ, ರೇಟು ಸರಿ ಇಲ್ಲ, ಸ್ವಲ್ಪ ತಡೆಯೋಣ ಎಂದು ಹಿರಿಯ ಮಗ ಮಾಲು ಮಾರಲಿಲ್ಲ. ಹಿಂದಿನ ಕತ್ತಲೆ ಕೋಣೆಯಲ್ಲಿ ಗೋಣಿಚೀಲಗಳು ಗೋಡೆಗೆ ಒತ್ತಿಕೊಂಡು ತೊಲೆಯವರೆಗೂ ಏರಿದವು. ಗೋಡೆಗೂ ಚೀಲಕ್ಕೂ ನಡುವೆ ಕೈ ಹೋಗದಷ್ಟು ಸಂದು. ಕತ್ತಲು, ಬೆಚ್ಚಗಿನ ಜಾಗ, ಪಕ್ಕದಲ್ಲೇ ಊಟ. ಇಲಿಗೆ ಇನ್ನೇನು ಬೇಕು?

ಹೊಲದಲ್ಲಿ ರಾಶಿ ಮುಗಿದ ಮೇಲೆ ಅಲ್ಲಿ ತಿನ್ನಲು ಏನೂ ಉಳಿಯುವುದಿಲ್ಲ. ಕಾಳು ಎಲ್ಲಿ ಹೋಯಿತೋ ಇಲಿಗಳು ಅಲ್ಲಿಗೆ ಬರುತ್ತವೆ. ಆದ್ದರಿಂದ ನಮ್ಮ ಕಡೆ ಜನವರಿಯಿಂದ ಏಪ್ರಿಲ್‌ವರೆಗೆ ಎಚ್ಚರ ಜಾಸ್ತಿ ಬೇಕು.

ಬೇಸಿಗೆ ತುಂಬ ಕಂಡದ್ದು

ಮಾರ್ಚ್ ಕೊನೆಗೆ ಬಚ್ಚಲಲ್ಲಿಟ್ಟ ಸಾಬೂನಿನ ಅಂಚು ಯಾರೋ ಕೆರೆದ ಹಾಗೆ ಕಂಡಿತು. ಕೂಸು ಕಚ್ಚಿರಬೇಕು ಎಂದುಕೊಂಡರು. ಏಪ್ರಿಲ್‌ನಲ್ಲಿ ಕೂಲರ್‌ನ ನೀರಿನ ಪೈಪು ತೂತಾಯಿತು. "ಬಿಸಿಲಿಗಿ ಆಗ್ಯಾದ ಬಿಡು" ಎಂದು ಕಿರಿಯ ಮಗ ಟೇಪ್ ಸುತ್ತಿದ. ದೇವರ ಕೋಣೆಯಲ್ಲಿ ಆರಿದ ದೀಪದ ಬತ್ತಿ ಬೆಳಗ್ಗೆ ಇರುತ್ತಿರಲಿಲ್ಲ. ಅತ್ತೆ ಅದನ್ನು ಗಾಳಿಗೆ ಹಾರಿದೆ ಎಂದು ತಿಳಿದರು. ಎಣ್ಣೆ, ತುಪ್ಪ ಹೀರಿದ ಬತ್ತಿ ಇಲಿಗೆ ತಿನಿಸು. ಇನ್ನೂ ಉರಿಯುತ್ತಿರುವ ಬತ್ತಿಯನ್ನೇ ಕಚ್ಚಿ ಎಳೆದುಕೊಂಡು ಹೋದರೆ ಬಟ್ಟೆಗೋ ಚೀಲಕ್ಕೋ ಬೆಂಕಿ ತಗಲುತ್ತದೆ. ಈ ಒಂದು ಗುರುತನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು.

ಹಿರಿಯ ಸೊಸೆ ಜೋಳ ಹಸನು ಮಾಡುವಾಗ ಮೊರದಲ್ಲಿ ಕಪ್ಪು ಕಾಳಿನಂಥದ್ದು ಸಿಗುತ್ತಿತ್ತು. ಹೊಲದ ಕಸ ಎಂದು ಆರಿಸಿ ಬಿಸಾಡುತ್ತಿದ್ದರು. ಮನೆಯ ಬೆಕ್ಕು ಸಂಜೆ ಹಾಲ್‌ನ ಒಂದೇ ಮೂಲೆಯಲ್ಲಿ ಕುಳಿತು ಸೀಲಿಂಗ್ ನೋಡುತ್ತಿತ್ತು. ಅದನ್ನು ಎಲ್ಲರೂ ನೋಡಿದ್ದರು, ಫೋಟೋ ಕೂಡ ತೆಗೆದಿದ್ದರು.

ಸದ್ದು ಮಾತ್ರ ಯಾರಿಗೂ ಕೇಳಿರಲಿಲ್ಲ. ಇದಕ್ಕೆ ಕಾರಣ ನಮ್ಮ ಊರಿನ ಬೇಸಿಗೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 42 ಡಿಗ್ರಿ ದಾಟುವುದು ಸಾಮಾನ್ಯ. ಗಂಡಸರು ಮಾಳಿಗೆಯ ಮೇಲೆ ಮಲಗುತ್ತಾರೆ. ಕೆಳಗೆ ಮಲಗುವವರಿಗೆ ರಾತ್ರಿಯಿಡೀ ಕೂಲರ್ ಸದ್ದು. ಇಲಿಗಳು ಓಡಾಡುವುದು ಕತ್ತಲಾದ ಮೇಲೆ ಮತ್ತು ಬೆಳಗಾಗುವ ಮುಂಚೆ. ಆ ಹೊತ್ತಿಗೆ ಮನೆಯೊಳಗೆ ಕಿವಿ ಕೊಟ್ಟು ಕೇಳುವವರೇ ಇಲ್ಲ. ಎರಡು ತಿಂಗಳು ಹಾಗೇ ಹೋಯಿತು. ಇಲಿಯ ಗರ್ಭಕಾಲ ಮೂರು ವಾರದಷ್ಟು ಮಾತ್ರ. ಒಂದು ಸಲಕ್ಕೆ ಐದಾರು ಮರಿ. ಆ ಮರಿಗಳೂ ಎರಡು ಮೂರು ತಿಂಗಳಲ್ಲಿ ಮರಿ ಹಾಕಲು ಸಿದ್ಧ. ಎರಡು ತಿಂಗಳು ತಡ ಅಂದರೆ ಸಣ್ಣ ತಡವಲ್ಲ.

ಜೂನ್‌ನಲ್ಲಿ ಮಳೆ ಬಿತ್ತು. ಹಾಸಿಗೆಗಳು ಕೆಳಗೆ ಬಂದವು. ಕೂಲರ್ ಬಂದಾಯಿತು. ಮೊದಲ ರಾತ್ರಿಯೇ ಕಿರಿಯ ಸೊಸೆ ಎದ್ದು ಕುಳಿತರು. "ಅತ್ತಿ, ಮ್ಯಾಲ ಏನೋ ಓಡಾಡ್ಲತ್ತದ." ಸೀಲಿಂಗ್ ಮೇಲೆ ಉಗುರಿನಿಂದ ಕೆರೆಯುವ ಸದ್ದು, ಆಮೇಲೆ ಒಂದು ಓಟ, ಆಮೇಲೆ ಸುಮ್ಮನೆ. ಮತ್ತೆ ಕೆರೆತ.

"ಬೆಕ್ಕು ಅದ ಅಲ್ಲಾ ಮನ್ಯಾಗ, ಇಲಿ ಹ್ಯಾಂಗ ಬರ್ತದ?" ಎಂದರು ಅತ್ತೆ. ಬೆಕ್ಕು ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತದೆ. ಸೀಲಿಂಗ್ ಒಳಗೆ, ಚೀಲದ ಸಂದಿನಲ್ಲಿ ಇರುವುದನ್ನು ಅದು ಹೇಗೆ ಹಿಡಿಯಬೇಕು?

ಮೊದಲು ಹೊಡೆಯಲು ಹೊರಟರು

ಹಿರಿಯ ಮಗನಿಗೆ ಗಟಾರದ ಮೇಲೇ ಅನುಮಾನ. ಇಲಿ ಅಂದರೆ ಗಟಾರದಿಂದ ಬರುವುದು ಎಂಬ ಲೆಕ್ಕ. ಹಿತ್ತಲಿನ ಮೋರಿಯ ಹತ್ತಿರ ಕಬ್ಬಿಣದ ಬೋನು ಇಟ್ಟರು. ಮರುದಿನ ಬೆಳಗ್ಗೆ ಅದರಲ್ಲಿ ಒಂದು ಪ್ರಾಣಿ ಸಿಕ್ಕಿತು. ಚೂಪಾದ ಉದ್ದ ಮೂತಿ, ಕಂಡೂ ಕಾಣದಂಥ ಕಣ್ಣು, ಘಾಟು ವಾಸನೆ. ಎಲ್ಲರಿಗೂ ಸಮಾಧಾನ. ಕಳ್ಳ ಸಿಕ್ಕ ಎಂದು ಬೋನು ತೊಳೆದು ಎತ್ತಿಟ್ಟರು.

ಅದು ಮೂಗಿಲಿ. ನೋಡಲು ಇಲಿಯ ಹಾಗಿದ್ದರೂ ಅದು ಇಲಿಯ ಜಾತಿಯೇ ಅಲ್ಲ. ಅದರ ಮುಖ್ಯ ಊಟ ಜಿರಳೆ, ಹುಳ. ಚೀಲ ಕಡಿದು ತೊಗರಿ ತಿನ್ನುವ, ವೈರು ಕಡಿಯುವ ಪ್ರಾಣಿ ಅದಲ್ಲ. ಬಡಪಾಯಿ ಮೂಗಿಲಿ ಸಿಕ್ಕಿದ್ದರಿಂದ ಮನೆಯವರು ಇನ್ನಷ್ಟು ದಿನ ನಿಶ್ಚಿಂತೆಯಾಗಿದ್ದರು. ನನ್ನ ಪ್ರಕಾರ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಹೆಚ್ಚು ನಷ್ಟ ಮಾಡಿದ್ದು ಈ ನಿಶ್ಚಿಂತೆ. ಬೋನಿಗೆ ಏನೋ ಒಂದು ಬಿದ್ದರೆ ಸಾಲದು. ಏನು ಬಿತ್ತು ಎಂದು ನೋಡಬೇಕು.

ಸದ್ದು ನಿಲ್ಲಲಿಲ್ಲ. ಆಗ ಔಷಧ ತಂದರು. ಮೊದಲು ಕಪ್ಪು ಪುಡಿ, ಅಂದರೆ ಜಿಂಕ್ ಫಾಸ್ಫೈಡ್. ಹಿಟ್ಟಿನ ಉಂಡೆಯಲ್ಲಿ ಕಲಸಿ ಮೋರಿಯ ಹತ್ತಿರವೇ ಇಟ್ಟರು. ಯಾವುದೂ ಮುಟ್ಟಲಿಲ್ಲ. ಈ ಪುಡಿ ಹೊಟ್ಟೆಯ ಆಮ್ಲಕ್ಕೆ ತಾಗಿದ ಕೂಡಲೇ ಫಾಸ್ಫೀನ್ ಎಂಬ ವಿಷಾನಿಲ ಹೊರಡುತ್ತದೆ. ಇದಕ್ಕೆ ಪ್ರತಿವಿಷ ಇಲ್ಲ. ನೆಲದ ಮೇಲೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ಕೂಸು ಇರುವ ಮನೆಯಲ್ಲಿ ಅಂಥ ಉಂಡೆ ಇಟ್ಟಿದ್ದರು ಎಂದು ಕೇಳಿ ನನಗೆ ಎದೆ ಝಲ್ಲೆಂದಿತು. ಕಿರಿಯ ಸೊಸೆಯೂ ಅದೇ ಮಾತು ಹೇಳಿ ಜಗಳ ಮಾಡಿ ಎತ್ತಿಸಿದ್ದರು. ಅವರ ಆ ಜಗಳ ನ್ಯಾಯವಾದದ್ದು.

ಆಮೇಲೆ ಕೇಕ್ ಬಂತು. ಅಂಗಡಿಯಲ್ಲಿ ಸಿಗುವ ನೀಲಿ, ಹಸಿರು ಬಣ್ಣದ ಬಿಲ್ಲೆಗಳು. ಅವುಗಳಲ್ಲಿ ಸಾಮಾನ್ಯವಾಗಿ ಇರುವುದು ಬ್ರೊಮಾಡಿಯೋಲೋನ್, 0.005 ಶೇಕಡಾ. ಇದು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ತಿಂದ ಇಲಿ ತಕ್ಷಣ ಸಾಯುವುದಿಲ್ಲ, ನಾಲ್ಕೈದು ದಿನ ಹಿಡಿಯುತ್ತದೆ. ಈ ಸಲ ಬಿಲ್ಲೆಗಳನ್ನು ಅಟ್ಟದ ಮೇಲೆ ಎಸೆದರು. ತಿಂದವು. ಸದ್ದು ಕಡಿಮೆಯಾಯಿತು.

ವಾರ ಕಳೆದ ಮೇಲೆ ಹಾಲ್‌ನಲ್ಲಿ ನಾತ ಶುರುವಾಯಿತು. ಮೊದಲು ಗಟಾರದ ವಾಸನೆ ಅಂದುಕೊಂಡರು. ಆಮೇಲೆ ಟ್ಯೂಬ್‌ಲೈಟ್ ಸುತ್ತ ದಪ್ಪ ನೊಣಗಳು. ಪಿಒಪಿ ಮೇಲೆ ಹಳದಿ ಕಲೆ. ವಿಷ ತಿಂದ ಇಲಿ ನೀರು ಹುಡುಕಿಕೊಂಡು ಹೊರಗೆ ಹೋಗಿ ಸಾಯುತ್ತದೆ ಎಂದು ಅಂಗಡಿಯವರು ಹೇಳಿದ್ದರಂತೆ. ಈ ಮಾತು ಬಹಳ ಕಡೆ ಕೇಳಿದ್ದೇನೆ, ಅದು ನಿಜವಲ್ಲ. ಸುಸ್ತಾದ ಇಲಿ ತನ್ನ ಗೂಡಿಗೇ ಹೋಗುತ್ತದೆ. ಗೂಡು ನಿಮ್ಮ ಸೀಲಿಂಗ್ ಒಳಗಿದ್ದರೆ ಅಲ್ಲೇ ಸಾಯುತ್ತದೆ. ಕೊನೆಗೆ ಚೆಂದದ ಸೀಲಿಂಗ್ ಎರಡು ಕಡೆ ಕೊಯ್ಯಬೇಕಾಯಿತು.

ಸತ್ತ ಇಲಿ ನೋಡಿ ಅತ್ತೆ ಅಂದು ಊಟ ಮಾಡಲಿಲ್ಲ. ಅವರ ಹೆದರಿಕೆಗೆ ಕಾರಣ ಇತ್ತು. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪ ಅವರಿಗೆ ಚೆನ್ನಾಗಿ ನೆನಪಿದೆ. ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿ ನಮಗೆ ಬಹಳ ದೂರವಲ್ಲ. ಆಗ ಇಲ್ಲಿಯೂ ಮಂದಿ ಮನೆಯೊಳಗೆ ಮಲಗಲು ಅಂಜಿ ಬಯಲಲ್ಲಿ ಮಲಗಿದ್ದರು. ಮರುವರ್ಷ, 1994ರಲ್ಲಿ, ಮರಾಠವಾಡದ ಬೀಡ್ ಜಿಲ್ಲೆಯಲ್ಲಿ ಪ್ಲೇಗ್ ಕಾಣಿಸಿಕೊಂಡಿತು, ಆಮೇಲೆ ಸೂರತ್‌ನಲ್ಲಿ. ಭೂಕಂಪಕ್ಕೆ ಹೆದರಿ ಮಂದಿ ಬಿಟ್ಟುಹೋದ ಮನೆಗಳಲ್ಲಿ ಕಾಳು ಉಳಿದು ಇಲಿ ಹೆಚ್ಚಿದ್ದು ಬೀಡ್‌ನ ಪ್ಲೇಗಿಗೆ ಒಂದು ಕಾರಣ ಎಂದು ಆಗ ಹೇಳಲಾಯಿತು. "ಇಲಿ ಬಿತ್ತಂದ್ರ ಮನಿ ಬಿಡಬೇಕು ಅಂತಿದ್ರು ನಮ್ಮ ಹಿರೇರು" ಎಂದರು ಅತ್ತೆ.

ಅವರಿಗೆ ನಾನು ಹೇಳಿದ್ದು ಇಷ್ಟು. ಈ ಇಲಿ ನಾವು ಇಟ್ಟ ವಿಷ ತಿಂದು ಸತ್ತಿದೆ, ಪ್ಲೇಗ್ ಅಲ್ಲ. ಯಾರೂ ವಿಷ ಇಡದೆ ಓಣಿಯಲ್ಲಿ ಇಲಿಗಳು ಸಾಲಾಗಿ ಸತ್ತು ಬೀಳಲು ಶುರುವಾದರೆ ಮಾತ್ರ ತಡಮಾಡದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಸತ್ತ ಇಲಿಯ ಮೈಮೇಲಿನ ಚಿಗಟಗಳು ಬೇರೆ ಮೈ ಹುಡುಕುತ್ತವೆ. ಹಾಗಾಗಿ ಸತ್ತ ಇಲಿಯನ್ನು ಬರಿಗೈಲಿ ಎತ್ತಬಾರದು. ಹಿರಿಯರ ಮಾತಿನಲ್ಲಿ ತಿರುಳಿದೆ.

ರಂಗೋಲಿ ಪುಡಿ

ಸೀಲಿಂಗ್ ಕೊಯ್ದ ದಿನ ಮನೆಯವರೆಲ್ಲ ಒಂದೇ ಕಡೆ ಕುಳಿತಿದ್ದರು. ಆಗ ಒಬ್ಬೊಬ್ಬರೇ ಹೇಳಲು ಶುರು ಮಾಡಿದರು. ನನಗೆ ಸಾಬೂನು ಕಂಡಿತ್ತು, ನನಗೆ ಬತ್ತಿ, ನನಗೆ ಕಪ್ಪು ಕಾಳು, ನನಗೆ ಪೈಪು. ಎಲ್ಲರಿಗೂ ಒಂದೊಂದು ಗುರುತು ಕಂಡಿತ್ತು. ಒಬ್ಬರೂ ಎರಡನ್ನು ಸೇರಿಸಿ ನೋಡಿರಲಿಲ್ಲ. ಒಂದೊಂದಕ್ಕೂ ಒಂದೊಂದು ಕಾರಣ ಹೇಳಿ ಮುಗಿಸಿದ್ದರು. ಆ ಮಾತುಕತೆಯಿಂದಲೇ ಎಲ್ಲ ಬದಲಾಯಿತು. ಇನ್ನು ಹೊಡೆಯುವುದು ಬೇಡ, ಮೊದಲು ಸರಿಯಾಗಿ ನೋಡೋಣ ಎಂದು ಕಿರಿಯ ಸೊಸೆ ಪಟ್ಟು ಹಿಡಿದರು. ನನಗೆ ಫೋನ್ ಬಂದದ್ದೂ ಅಂದೇ. "ಅಕ್ಕಾರ, ಒಮ್ಮೆ ಬಂದು ನೋಡ್ರಿ, ಎಲ್ಲಿಂದ ಬರ್ಲತ್ತಾವ ಅನ್ನದು ತಿಳಿವಲ್ದು."

ಮೊದಲು ಹಿಕ್ಕೆ ನೋಡಿದೆವು. ಹಿರಿಯ ಸೊಸೆ ಮೊರದಲ್ಲಿ ಆರಿಸಿದ್ದ ಕಪ್ಪು ಕಾಳು ಇದೇ. ಅಟ್ಟದ ಮೇಲೆ ಸಿಕ್ಕ ಹಿಕ್ಕೆಗಳು ಸುಮಾರು 12 ಮಿಲಿಮೀಟರ್ ಉದ್ದ, ಎರಡೂ ತುದಿ ಚೂಪು, ಸ್ವಲ್ಪ ಬಾಗಿದ್ದವು. ಚಿಕ್ಕ ಮನೆ ಇಲಿಯದಾದರೆ 3ರಿಂದ 6 ಮಿಲಿಮೀಟರ್ ಮಾತ್ರ. ಹಲ್ಲಿಯ ಹಿಕ್ಕೆಯಾದರೆ ಒಂದು ತುದಿಯಲ್ಲಿ ಬಿಳಿ ಚುಕ್ಕೆ ಇರುತ್ತದೆ, ಇವುಗಳಲ್ಲಿ ಇರಲಿಲ್ಲ. ಜಿರಳೆಯದು ಇನ್ನೂ ಸಣ್ಣದು. ಅಂದರೆ ಇದು ಗಟಾರದ ಹೆಗ್ಗಣವೂ ಅಲ್ಲ, ಚಿಕ್ಕ ಇಲಿಯೂ ಅಲ್ಲ. ತೊಲೆ, ಮಾಳಿಗೆ ಹತ್ತಿ ಓಡಾಡುವ ಕಪ್ಪು ಇಲಿ. ತೆಳ್ಳನೆ ಮೈ, ದೊಡ್ಡ ಕಿವಿ, ಮೈಗಿಂತ ಉದ್ದ ಬಾಲ. ಸೀಲಿಂಗ್‌ನಲ್ಲಿ ಸತ್ತದ್ದೂ ಅದೇ ಆಗಿತ್ತು.

ಹಿಕ್ಕೆ ಹಳೆಯದೋ ಹೊಸದೋ ಎಂಬುದು ಮುಂದಿನ ಪ್ರಶ್ನೆ. ಹೊಸದು ಕಪ್ಪಗೆ, ಹೊಳಪಾಗಿ, ಕಡ್ಡಿಯಿಂದ ಒತ್ತಿದರೆ ಮೆತ್ತಗಿರುತ್ತದೆ. ಹಳೆಯದು ಬೂದು ಬಣ್ಣಕ್ಕೆ ತಿರುಗಿ ಪುಡಿಯಾಗುತ್ತದೆ. ಅಟ್ಟದಲ್ಲಿ ಎರಡೂ ಇದ್ದವು. ಅನುಮಾನ ಬೇಡ ಎಂದರೆ ಇದ್ದದ್ದನ್ನೆಲ್ಲ ತೆಗೆದು ಮರುದಿನ ನೋಡಿದರೆ ಸಾಕು.

ತೆಗೆಯುವ ರೀತಿ ಮಾತ್ರ ಗಮನಿಸಿ. ಕಸಬರಿಗೆಯಿಂದ ಒಣಗಿದ್ದನ್ನು ಹಾಗೇ ಗುಡಿಸಬಾರದು. ಧೂಳು ಎದ್ದು ಮೂಗಿಗೆ ಹೋಗುತ್ತದೆ. ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಒಂಬತ್ತು ಪಾಲು ನೀರು ಬೆರೆಸಿ ಅದರ ಮೇಲೆ ಸಿಂಪಡಿಸಿದೆವು. ಐದು ನಿಮಿಷ ನೆನೆಯಲು ಬಿಟ್ಟು, ಕೈಗವಸು, ಮಾಸ್ಕ್ ಹಾಕಿಕೊಂಡು ಹಳೆಯ ಬಟ್ಟೆಯಿಂದ ಒರೆಸಿ ಚೀಲಕ್ಕೆ ತುಂಬಿ ಕಟ್ಟಿದೆವು.

ಆ ರಾತ್ರಿಯ ಉಪಾಯ ಕಿರಿಯ ಸೊಸೆಯದು. ನೆಲಕ್ಕೆ ಹಿಟ್ಟು ಉದುರಿಸಿ ಹೆಜ್ಜೆ ನೋಡುವ ಪದ್ಧತಿ ನಾನು ಹೇಳಿದ್ದೆ. "ಹಿಟ್ಟು ತಿಂತಾವಲ್ರಿ, ರಂಗೋಲಿ ಪುಡಿ ಹಾಕ್ತೀನಿ" ಎಂದರು. ಮೋರಿಯ ಬಾಯಿಗೆ, ಅಡುಗೆಮನೆಯ ಬಾಗಿಲಿಗೆ, ಚೀಲದ ಕೋಣೆಯ ಗೋಡೆಗುಂಟ, ಅಟ್ಟದ ಅಂಚಿಗೆ, ತೊಲೆಯ ಕೆಳಗಿನ ಗೂಟದ ಹಲಗೆಗೆ ತೆಳ್ಳಗೆ ಜರಡಿ ಹಿಡಿದರು. ದೇವರ ಮುಂದೆ ಹಾಕುವ ಕೈ, ಎಲ್ಲಿಯೂ ದಪ್ಪ ಬೀಳಲಿಲ್ಲ.

ಬೆಳಗ್ಗೆ ಎಲ್ಲ ತಿಳಿಯಿತು. ಮೋರಿಯ ಹತ್ತಿರದ ಪುಡಿ ಹೇಗೆ ಹಾಕಿದ್ದರೋ ಹಾಗೇ ಇತ್ತು. ಅಟ್ಟದ ಅಂಚಿನಲ್ಲಿ ಹೆಜ್ಜೆಗಳ ಸಾಲು. ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಐದು, ನಡುವೆ ಬಾಲ ಎಳೆದ ತೆಳ್ಳನೆ ಗೆರೆ. ಸಾಲು ಹಲಗೆಯ ಕೊನೆಗೆ ಹೋಗಿ ತೊಲೆಯ ಬುಡದಲ್ಲಿ ನಿಂತಿತ್ತು. ಹಿರಿಯ ಮಗ ಮೊಬೈಲ್ ಟಾರ್ಚ್ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಅವರ ಬಾಯಲ್ಲಿ ಗಟಾರದ ಮಾತು ಬರಲಿಲ್ಲ.

ಮೇಲಿನ ದಾರಿ

ತೊಲೆಯ ತುದಿಯಲ್ಲಿ, ಹಳೆ ಗೋಡೆ ಹೊಸ ಗೋಡೆ ಕೂಡುವ ಜಾಗದಲ್ಲಿ, ಕಪ್ಪು ಜಿಡ್ಡಿನ ಕಲೆ ಇತ್ತು. ಸುಣ್ಣದ ಗೋಡೆಯ ಮೇಲೆ ಎದ್ದು ಕಾಣುತ್ತಿತ್ತು. ಮನೆಯವರು ಅದನ್ನು ದಿನಾ ನೋಡುತ್ತಿದ್ದರು, ಹಳೆಯ ದೀಪದ ಮಸಿ ಅಂದುಕೊಂಡಿದ್ದರು. ಇಲಿಗಳಿಗೆ ಕಣ್ಣು ಅಷ್ಟು ಚುರುಕಲ್ಲ. ಮೀಸೆ ಮತ್ತು ಮೈ ಗೋಡೆಗೆ ತಾಗಿಸಿಕೊಂಡು ದಿನಾ ಒಂದೇ ದಾರಿಯಲ್ಲಿ ಹೋಗುತ್ತವೆ. ಮೈಯ ಎಣ್ಣೆ, ಕೊಳೆ ಅಂಟಿ ದಾರಿ ಕಪ್ಪಾಗುತ್ತದೆ. ಬೆರಳಿಗೆ ಕೈಗವಸು ಹಾಕಿ ಉಜ್ಜಿದರೆ ಆ ಕಲೆ ಮೆತ್ತಿಕೊಂಡಿತು. ದಾರಿ ಇನ್ನೂ ನಡೆಯುತ್ತಿದೆ ಎಂದು ಅರ್ಥ.

ಮಾಳಿಗೆಗೆ ಹೋಗಿ ನೋಡಿದರೆ ಉಳಿದದ್ದೂ ಸಿಕ್ಕಿತು. ಬೇವಿನ ಕೊಂಬೆ ಮಾಳಿಗೆಯ ಕೈಪಿಡಿಗೋಡೆಗೆ ತಾಗಿತ್ತು. ಟಿವಿ ಕೇಬಲ್ ಅದೇ ಕೊಂಬೆಗೆ ಒರಗಿಕೊಂಡು ಬಂದು, ಗೋಡೆಯ ತೂತಿನಿಂದ ಒಳಗೆ ಹೋಗಿತ್ತು. ತೆಳ್ಳನೆ ಕೇಬಲ್‌ಗೆ ಅಂಗೈ ಹೋಗುವಷ್ಟು ತೂತು ಕೊರೆದಿದ್ದರು. ದೊಡ್ಡ ಇಲಿಗೆ ಅಷ್ಟು ಜಾಗವೇ ಬೇಡ. ಮರಿಗೆ ಅರ್ಧ ಇಂಚು ಸಾಕು. ಚಿಕ್ಕ ಮನೆ ಇಲಿಗಾದರೆ 6 ಮಿಲಿಮೀಟರ್, ಅಂದರೆ ಪೆನ್ಸಿಲ್ ತೂರುವಷ್ಟು ಸಾಕು. ಹಳೆಯ ಶಹಾಬಾದ್ ಹಾಸಿಗೂ ಹೊಸ ಸ್ಲ್ಯಾಬಿಗೂ ನಡುವೆ ಗಾರೆ ಉದುರಿ ಇನ್ನೊಂದು ಸಂದು ಬಿದ್ದಿತ್ತು.

ಮೇಲಿನ ಕೋಣೆಯ ಹುಡುಗರು ಉಳಿದ ಅನ್ನ, ರೊಟ್ಟಿ ತುಂಡನ್ನು ಮುಚ್ಚಳವಿಲ್ಲದ ಡಬ್ಬಿಗೆ ಹಾಕಿ ಮಾಳಿಗೆಯ ಮೂಲೆಯಲ್ಲಿ ಇಡುತ್ತಿದ್ದರು. ಅವರನ್ನು ಬೈಯಲು ಹಿರಿಯ ಮಗ ಹೊರಟರು, ಅತ್ತೆ ತಡೆದರು. "ಹುಡುಗರಿಗಿ ಯಾರ್ ಹೇಳ್ಯಾರ? ಹೇಳಿದ್ರ ಮುಚ್ತಾವ." ಹಾಗೇ ಆಯಿತು. ಮುಚ್ಚಳದ ಡಬ್ಬಿ ಕೊಟ್ಟು ಹೇಳಿದ ಮೇಲೆ ಹುಡುಗರೇ ದಿನಾ ಖಾಲಿ ಮಾಡತೊಡಗಿದರು. ಅವರಿಗೂ ರಾತ್ರಿ ಸದ್ದು ಕೇಳುತ್ತಿತ್ತಂತೆ. ಮನೆ ಮಾಲೀಕರು ಏನನ್ನುತ್ತಾರೋ ಎಂದು ಸುಮ್ಮನಿದ್ದರು.

ಊಟ ಬಂದ್, ಆಮೇಲೆ ಬೋನು

ಇಲ್ಲಿ ಮನೆಯಲ್ಲಿ ಒಂದು ವಾದ ಆಯಿತು. ಕಿರಿಯ ಮಗ ಗೌಂಡಿಯನ್ನು ಕರೆಸಿ ಅಂದೇ ಎಲ್ಲ ತೂತು ಮುಚ್ಚಬೇಕು ಎಂದರು. ಒಳಗೆ ಇರುವವು ಒಳಗೇ ಸಿಕ್ಕಿಬಿದ್ದರೆ? ಮತ್ತೆ ನಾತ, ಮತ್ತೆ ಸೀಲಿಂಗ್. ಹೊರಗೆ ದಾರಿ ಸಿಗದೆ ಹಸಿದ ಇಲಿ ವೈರು, ಬಾಗಿಲು ಕಡಿಯುತ್ತದೆ. ಮೊದಲು ಊಟ ನಿಲ್ಲಿಸುವುದು, ಆಮೇಲೆ ಹಿಡಿಯುವುದು, ಕೊನೆಗೆ ಮುಚ್ಚುವುದು ಎಂದು ತೀರ್ಮಾನ ಆಯಿತು.

ಊಟ ನಿಲ್ಲಿಸುವುದೇ ಕಷ್ಟದ ಕೆಲಸ. ಚೀಲ ಸರಿಸಿದಾಗ ಕೆಳಗಿನ ಸಾಲಿನ ಚೀಲಗಳ ಹಿಂಬದಿ ಹರಿದು ತೊಗರಿ ಸುರಿದಿತ್ತು. ಒಂದು ಮೂಲೆಯಲ್ಲಿ ಗೋಣಿ ನಾರು, ಹಳೆ ಸೀರೆಯ ಚೂರು, ಕಾಗದ ಸೇರಿಸಿ ಕಟ್ಟಿದ ಗೂಡು. ಹಿಕ್ಕೆ, ಮೂತ್ರ ತಾಗಿದ್ದ ಕಾಳನ್ನು ಬಿಸಾಡುವಾಗ ಅತ್ತೆಯ ಕಣ್ಣಲ್ಲಿ ನೀರು. ತೊಳೆದು ಒಣಗಿಸಿದರೆ ಆಗುವುದಿಲ್ಲವೇ ಎಂದು ಕೇಳಿದರು. ಅನ್ನ ಚೆಲ್ಲುವ ಸಂಕಟ ನಮ್ಮ ಮಂದಿಗೆ ದೊಡ್ಡದು. ಆದರೂ ಅದನ್ನು ತಿನ್ನಬಾರದು, ದನಕ್ಕೂ ಹಾಕಬಾರದು. ಇಲಿಯ ಮೂತ್ರದಿಂದ ಇಲಿ ಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್ ಬರುತ್ತದೆ. ಮಳೆಗಾಲದಲ್ಲಿ ನಿಂತ ನೀರಿನಿಂದ, ಕಾಲಿನ ಗಾಯದ ಮೂಲಕವೂ ತಗಲುತ್ತದೆ. ಜೋರು ಜ್ವರ, ಮೀನಖಂಡದ ನೋವು, ಕೆಂಪು ಕಣ್ಣು ಕಂಡರೆ ವೈದ್ಯರಿಗೆ "ಮನೆಯಲ್ಲಿ ಇಲಿ ಇವೆ" ಎಂದು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಅವರಿಗೆ ಆ ಕಡೆ ಯೋಚನೆ ಹೋಗದೇ ಇರಬಹುದು.

ಚೆನ್ನಾಗಿದ್ದ ತೊಗರಿಯನ್ನು ಬಂದ ರೇಟಿಗೆ ಗಂಜ್‌ಗೆ ಹಾಕಿದರು. ಮನೆಗೆ ಬೇಕಾದಷ್ಟನ್ನು ಮುಚ್ಚಳ ಗಟ್ಟಿ ಇರುವ ಪತ್ರಾದ (ತಗಡಿನ) ಡಬ್ಬಗಳಿಗೆ ತುಂಬಿದರು. ಉಳಿದ ನಾಲ್ಕು ಚೀಲ ಕಟ್ಟಿಗೆಯ ಹಲಗೆಯ ಮೇಲೆ, ಗೋಡೆಯಿಂದ ಒಂದು ಮೊಳ ದೂರ. ಹಿಂದೆ ಕಸಬರಿಗೆ ಆಡಬೇಕು, ಟಾರ್ಚ್ ಬಿಟ್ಟರೆ ನೆಲ ಕಾಣಬೇಕು.

ಬೋನಿನ ವಿಷಯದಲ್ಲಿ ತಾಳ್ಮೆ ಬೇಕಾಯಿತು. ಈ ಜಾತಿಯ ಇಲಿಗೆ ಹೊಸ ವಸ್ತು ಕಂಡರೆ ಅನುಮಾನ. ದಿನಾ ಓಡಾಡುವ ದಾರಿಯಲ್ಲಿ ಹೊಸದೇನೋ ಇದ್ದರೆ ಕೆಲವು ದಿನ ಮುಟ್ಟುವುದಿಲ್ಲ. ಅದಕ್ಕೆ ಸ್ಪ್ರಿಂಗ್ ಇರುವ ಕಟ್ಟಿಗೆ ಬೋನುಗಳನ್ನು ಅಟ್ಟದ ಮೇಲೆ, ಕೂಸಿನ ಕೈಗೆ ಸಿಗದ ಕಡೆ, ಗೋಡೆಗೆ ಹತ್ತಿಸಿ, ಸ್ಪ್ರಿಂಗ್ ಏರಿಸದೇ ಹಾಗೇ ಇಟ್ಟರು. ಶೇಂಗಾ ಹುರಿದು ಕುಟ್ಟಿ ಬೆಲ್ಲದಲ್ಲಿ ಕಲಸಿ ಹಚ್ಚಿದರು. ಎರಡು ರಾತ್ರಿ ಮುಟ್ಟಲಿಲ್ಲ. ಆಮೇಲೆ ನೆಕ್ಕತೊಡಗಿದವು. ಮೂರ್ನಾಲ್ಕು ರಾತ್ರಿ ಹಾಗೇ ತಿನ್ನಲು ಬಿಟ್ಟು ಒಂದು ಸಂಜೆ ಎಲ್ಲ ಬೋನುಗಳನ್ನೂ ಒಟ್ಟಿಗೆ ಏರಿಸಿದರು. ಆ ಒಂದೇ ರಾತ್ರಿ ಅರ್ಧಕ್ಕಿಂತ ಹೆಚ್ಚು ಬೋನುಗಳಿಗೆ ಇಲಿ ಬಿದ್ದವು. ಮುಂದಿನ ರಾತ್ರಿಗಳಲ್ಲಿ ಕಡಿಮೆಯಾಗುತ್ತ ಬಂದು ನಿಂತಿತು.

ಅಂಟು ಹಲಗೆ ತರೋಣವೇ ಎಂದು ಒಬ್ಬರು ಕೇಳಿದರು. ನಾನು ಬೇಡ ಎಂದೆ. ಅಂಟಿದ ಪ್ರಾಣಿ ಗಂಟೆಗಟ್ಟಲೆ ನರಳಿ ಸಾಯುತ್ತದೆ. ಹಲ್ಲಿ, ಹಕ್ಕಿ ಮರಿಯೂ ಅಂಟುತ್ತವೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯೂ ಅದನ್ನು ಬಳಸಬೇಡಿ ಎಂದೇ ಹೇಳಿದೆ. ಕೊಲ್ಲಲೇಬೇಕಾದರೆ ಬೇಗ ಮುಗಿಯಬೇಕು.

ಇನ್ನು ಮುಚ್ಚುವುದು. ಪ್ರತಿ ತೂತಿಗೂ ಹಳೆ ಪೇಪರ್ ಉಂಡೆ ಮಾಡಿ ತುರುಕಿದರು. ಒಳಗೆ ಹೊರಗೆ ಹೋಗುವ ಇಲಿ ಇದ್ದರೆ ಉಂಡೆ ಹೊರಗೆ ಬಿದ್ದಿರುತ್ತದೆ. ಒಂದು ಕಡೆ ಬಿತ್ತು, ಮತ್ತೆರಡು ದಿನ ಬೋನು ಇಟ್ಟರು. ಎಲ್ಲ ಉಂಡೆಗಳೂ ಇದ್ದಲ್ಲೇ ಇದ್ದಾಗ ಗೌಂಡಿ ಬಂದರು. ಕಬ್ಬಿಣದ ಸಣ್ಣ ಜಾಳಿಗೆ ಒಳಗಿಟ್ಟು ಮೇಲೆ ಸಿಮೆಂಟ್. ಬರೀ ಸಿಮೆಂಟ್ ಹಸಿ ಇರುವಾಗ ಕೆದರಿಬಿಡುತ್ತವೆ. ಬರೀ ಫೋಮ್, ಬಟ್ಟೆ, ರಟ್ಟು ಹಾಕಿದರೆ ಕಡಿದು ಹೋಗುತ್ತವೆ. ಬಚ್ಚಲು, ಮೋರಿಗೂ ಜಾಳಿಗೆ ಹಾಕಿಸಿದರು.

ಕೊಂಬೆಯ ವಿಷಯ ಉಳಿಯಿತು. ಬೇವಿನ ಮರಕ್ಕೆ ಕೊಡಲಿ ಹಾಕಲು ಅತ್ತೆ ಒಪ್ಪಲಿಲ್ಲ. ಅವರ ಗಂಡ ನೆಟ್ಟ ಮರ. ಮರ ಕಡಿಯುವುದೇನೂ ಬೇಕಿರಲಿಲ್ಲ. ಗೋಡೆಯ ಕಡೆಗೆ ಬಂದ ಕೊಂಬೆಗಳನ್ನು ಮಾತ್ರ ಇಲಿ ಹಾರಲಾಗದಷ್ಟು ದೂರಕ್ಕೆ, ಒಂದು ಆಳುದ್ದಕ್ಕೂ ಹೆಚ್ಚು, ಸವರಿಸಿ ಕೇಬಲ್ ಬೇರೆ ಕಡೆಯಿಂದ ಎಳೆಸಿದರು.

ಬೇರೆ ಮನೆಗಳಲ್ಲಿ ನೋಡಬೇಕಾದ್ದು

ಈ ಪ್ರಕರಣ ಹೇಳುವಾಗ ನನ್ನನ್ನು ಮಂದಿ ಕೇಳುವುದು ಯಾವ ಔಷಧ ಒಳ್ಳೆಯದು ಎಂದೇ. ನಾನು ತಿರುಗಿ ಕೇಳುವುದು ಏನೇನು ಕಂಡಿದೆ, ಎಲ್ಲಿ ಕಂಡಿದೆ ಎಂದು. ಒಂದು ಗುರುತಿಗೆ ಹತ್ತು ಕಾರಣ ಹೇಳಬಹುದು. ಸಾಬೂನು, ಬತ್ತಿ, ಹಿಕ್ಕೆ, ಪೈಪು ಮೂರು ವಾರದೊಳಗೆ ಒಂದೇ ಮನೆಯಲ್ಲಿ ಕಂಡರೆ ಆ ಹತ್ತೂ ಕಾರಣ ಬಿದ್ದುಹೋಗುತ್ತವೆ. ಈ ಮನೆಯಲ್ಲಿ ಏಪ್ರಿಲ್‌ನ ಒಂದು ಸಂಜೆ ಎಲ್ಲರೂ ಕುಳಿತು ಮಾತಾಡಿದ್ದರೆ ಸೀಲಿಂಗ್ ಉಳಿಯುತ್ತಿತ್ತು, ಕಾಳು ಉಳಿಯುತ್ತಿತ್ತು.

ಬೇಸಿಗೆಯಲ್ಲಿ ವಾರಕ್ಕೊಮ್ಮೆ ರಾತ್ರಿ ಊಟವಾದ ಮೇಲೆ ಕೂಲರ್, ಫ್ಯಾನ್, ಟಿವಿ ಎಲ್ಲ ಆರಿಸಿ ಹತ್ತು ನಿಮಿಷ ಕಿವಿಗೊಟ್ಟು ಕೇಳಿ. ಗುರುತು ಮೇಲೆ ಇದ್ದರೆ ಮೇಲೆ ಹುಡುಕಿ, ಕೆಳಗೆ ಇದ್ದರೆ ಕೆಳಗೆ. ಅಂಗಳದಲ್ಲಿ ಮಣ್ಣು ಗುಡ್ಡೆ ಎತ್ತಿದ ಬಿಲ ಇದ್ದರೆ ಅದು ಹೆಗ್ಗಣದ ಕೆಲಸ, ಅದರ ದಾರಿಯೇ ಬೇರೆ. ಹಗಲು ಹೊತ್ತಿನಲ್ಲೇ ಇಲಿ ಕಣ್ಣಿಗೆ ಬಿದ್ದರೆ ಒಳಗೆ ಬಹಳ ಆಗಿವೆ ಎಂದು ತಿಳಿಯಿರಿ. ರಾತ್ರಿಯ ಊಟ ಎಲ್ಲಕ್ಕೂ ಸಾಲದೇ ಹೋದಾಗ ಹಗಲು ಹೊರಬೀಳುತ್ತವೆ. ಮತ್ತೆ, ಇಲಿ ಇರುವ ಕಡೆ ಹಾವು ಬರುತ್ತದೆ. ನಮ್ಮ ಕಡೆಯ ಹಿತ್ತಿಲು, ಹೊಲದ ಮನೆಗಳಲ್ಲಿ ಇದು ಬರೀ ಹೆದರಿಸುವ ಮಾತಲ್ಲ.

ಗಾಡಿ, ಫ್ರಿಜ್, ವಾಷಿಂಗ್ ಮಷೀನ್ ಕೆಟ್ಟಾಗ ರಿಪೇರಿಯವರು ವೈರು ಕಡಿದಿದೆ ಎಂದರೆ ಬರೀ ವೈರು ಬದಲಾಯಿಸಿ ಬಿಡಬೇಡಿ. ಕಡಿದ ಜಾಗದ ಬಣ್ಣ ನೋಡಿ. ಕಟ್ಟಿಗೆಯಾಗಲಿ ಪ್ಲಾಸ್ಟಿಕ್ ಆಗಲಿ ಹೊಸದಾಗಿ ಕಡಿದದ್ದು ತಿಳಿ ಬಣ್ಣಕ್ಕೆ ಇರುತ್ತದೆ, ದಿನ ಕಳೆದಂತೆ ಕಪ್ಪಾಗುತ್ತದೆ. ಇಲಿಯ ಮುಂದಿನ ಹಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತದೆ. ಅದಕ್ಕೆ ಹಸಿವಿಲ್ಲದಿದ್ದರೂ ಕಡಿಯುತ್ತದೆ.

ಮುಂದಿನ ಸುಗ್ಗಿ

ಮರುವರ್ಷ ಜನವರಿಯಲ್ಲಿ ಹೊಸ ತೊಗರಿ ಬಂತು. ಚೀಲ ಇಳಿಸಿದ ರಾತ್ರಿಯಿಂದಲೇ ಕಿರಿಯ ಸೊಸೆ ಅಟ್ಟದ ಅಂಚಿಗೆ ರಂಗೋಲಿ ಪುಡಿ ಜರಡಿ ಹಿಡಿದರು. ಒಂದು ವಾರ ಏನೂ ಇಲ್ಲ. ಆಮೇಲೆ ಒಂದು ಬೆಳಗ್ಗೆ ಚೀಲದ ಕೋಣೆಯ ನೆಲದಲ್ಲಿ ಚಿಕ್ಕ ಹೆಜ್ಜೆ, ಚಿಕ್ಕ ಹಿಕ್ಕೆ. ಈ ಸಲ ಬಂದದ್ದು ಮನೆ ಇಲಿ, ಚೀಲದ ಜೊತೆಗೇ ಹೊಲದಿಂದ ಬಂದಿರಬೇಕು. ಚಿಕ್ಕ ಇಲಿಗೆ ಹೊಸ ವಸ್ತುವಿನ ಅಂಜಿಕೆ ಇಲ್ಲ, ಕುತೂಹಲವೇ ಜಾಸ್ತಿ. ಅದಕ್ಕೆ ಕಾಯದೇ ಅಂದೇ ಬೋನು ಏರಿಸಿದರು. ಎರಡು ರಾತ್ರಿಯಲ್ಲಿ ಮುಗಿಯಿತು. ಚೀಲಗಳನ್ನು ಈಗ ಒಳಗೆ ತರುವ ಮೊದಲು ಅಂಗಳದಲ್ಲೇ ಇಳಿಸಿ, ಒಂದೊಂದಾಗಿ ಕೊಡವಿ ನೋಡುತ್ತಾರೆ.

ಪಕ್ಕದ ಖಾಲಿ ಸೈಟು ಮಾತ್ರ ಹಾಗೇ ಇದೆ. ಅದರ ಮಾಲೀಕರು ಊರಲ್ಲಿಲ್ಲ. ಓಣಿಯವರು ಸೇರಿ ಒಮ್ಮೆ ಸ್ವಚ್ಛ ಮಾಡಿಸಿದರು, ತಿಂಗಳೊಳಗೆ ಮತ್ತೆ ಕಸ ಬಿತ್ತು. ಮಹಾನಗರ ಪಾಲಿಕೆಗೆ ಅರ್ಜಿ ಬರೆಯುವ ಕೆಲಸವನ್ನು ಅತ್ತೆ ಮೇಲಿನ ಕೋಣೆಯ ಹುಡುಗರಿಗೆ ಒಪ್ಪಿಸಿದ್ದಾರೆ. ಓಣಿಯ ಹನ್ನೆರಡು ಮನೆಯವರು ಅದಕ್ಕೆ ಸಹಿ ಹಾಕಿದ್ದಾರೆ.